ಸೀಟಿ ಊದಿದ ಮೇಲೆ ಕೋಚ್‌ಗೆ ಏನು ಕೆಲಸ?

ನಮ್ಮ ಕಡೆ ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಯಾವ ಮೈದಾನಕ್ಕೆ ಹೋದರೂ ಕ್ರಿಕೆಟ್, ವಾಲಿಬಾಲ್, ಕಬಡ್ಡಿ, ಖೋ-ಖೋ ಕಾಣುತ್ತವೆ. ಫುಟ್‌ಬಾಲ್ ಆಡುವವರು ಕಡಿಮೆ, ಮೊಬೈಲ್‌ನಲ್ಲಿ ನೋಡುವವರು ಹೆಚ್ಚು. ವಾಲಿಬಾಲ್ ನೋಡಿ ಬೆಳೆದ ನಮಗೆ ಫುಟ್‌ಬಾಲ್ ನೋಡುವಾಗ ಒಂದು ಪ್ರಶ್ನೆ ಬರುತ್ತದೆ. ವಾಲಿಬಾಲ್‌ನಲ್ಲಿ ಒಂದು ಸೆಟ್‌ಗೆ ಎರಡು ಸಲ, 30 ಸೆಕೆಂಡಿನ ಟೈಮ್‌ಔಟ್ ಕೇಳಬಹುದು. ಕಬಡ್ಡಿಯಲ್ಲೂ ಟೈಮ್‌ಔಟ್ ಇದೆ. ಫುಟ್‌ಬಾಲ್‌ನಲ್ಲಿ ಮಾತ್ರ 45 ನಿಮಿಷ ಆಟ ಓಡುತ್ತಲೇ ಇರುತ್ತದೆ. ಹಾಗಾದರೆ ಕೋಚ್ ಗೆರೆಯ ಆಚೆ ನಿಂತು ಕೂಗುವುದು ಬರೀ ಕೂಗಾಟವೇ? ಪಂದ್ಯ ನಡೆಯುತ್ತಿರುವಾಗ ಅವರು ತಂತ್ರ ಬದಲಿಸಬಹುದೇ?

ಬದಲಿಸಬಹುದು. ಆದರೆ ನಿಯಮ ಅವರಿಗೆ ಕೊಟ್ಟಿರುವ ಬಾಗಿಲುಗಳು ಕೆಲವೇ.

ನಿಯಮ ಏನು ಹೇಳುತ್ತದೆ?

ಮೊದಲನೆಯದು ಮಾತು. ಕೋಚ್ ಕೂರುವ ಬೆಂಚಿನ ಮುಂದೆ ಗುರುತು ಹಾಕಿದ ಜಾಗವೊಂದಿರುತ್ತದೆ. ಅದು ಬೆಂಚಿನ ಎರಡೂ ಬದಿಗೆ 1 ಮೀಟರ್ ಚಾಚಿರುತ್ತದೆ. ಮುಂದಕ್ಕೆ ಪಕ್ಕದ ಗೆರೆಗೆ 1 ಮೀಟರ್ ಇರುವಾಗಲೇ ಮುಗಿಯುತ್ತದೆ. ಅಲ್ಲಿಂದ ಆಟಗಾರರಿಗೆ ಸೂಚನೆ ಕೊಡಬಹುದು, ಆದರೆ ಒಂದು ಸಮಯಕ್ಕೆ ಒಬ್ಬರು ಮಾತ್ರ. ನಮ್ಮ ವ್ಯವಹಾರ ಅಧ್ಯಯನ ಪುಸ್ತಕದಲ್ಲಿ ಹೆನ್ರಿ ಫಯೋಲ್ ಹೇಳಿದ 'ಆದೇಶದ ಏಕತೆ' ಓದಿದವರಿಗೆ ಇದು ಹೊಸದಲ್ಲ. ಕೆಲಸ ಮಾಡುವವನಿಗೆ ಇಬ್ಬರು ಯಜಮಾನರು ಎರಡು ಮಾತು ಹೇಳಿದರೆ ಕೆಲಸ ಕೆಡುತ್ತದೆ. ಮಿತಿ ಮೀರಿದ ಕೋಚ್‌ಗೂ ರೆಫರಿ ಹಳದಿ, ಕೆಂಪು ಕಾರ್ಡ್ ತೋರಿಸಬಹುದು. ಈ ನಿಯಮ 2019ರಲ್ಲಿ ಬಂತು.

ಎರಡನೆಯದು ಆಟಗಾರರ ಬದಲಾವಣೆ. ವಿಶ್ವಕಪ್‌ನಲ್ಲಿ ಬದಲಿ ಆಟಗಾರರಿಗೆ ಮೊದಲು ಅವಕಾಶ ಸಿಕ್ಕಿದ್ದು 1970ರಲ್ಲಿ, ಅದೂ ಇಬ್ಬರಿಗೆ. ಆಮೇಲೆ ಮೂವರಾದರು. ಕೊರೊನಾ ಬಂದಾಗ, 2020ರಲ್ಲಿ, ಆಟಗಾರರ ದಣಿವು ನೋಡಿ ತಾತ್ಕಾಲಿಕವಾಗಿ ಐವರಿಗೆ ಅವಕಾಶ ಕೊಟ್ಟರು. 2022ರಲ್ಲಿ ಅದು ನಿಯಮ ಪುಸ್ತಕಕ್ಕೇ ಸೇರಿತು. ಆದರೆ ಐವರನ್ನು ಐದು ಸಲ ಆಟ ನಿಲ್ಲಿಸಿ ಇಳಿಸುವಂತಿಲ್ಲ. ಮೂರು ಸಲ ಮಾತ್ರ ಅವಕಾಶ. ವಿರಾಮದಲ್ಲಿ ಮಾಡಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ದೊಡ್ಡ ಪಂದ್ಯಗಳಲ್ಲಿ ಹೊರಗೆ ಬಂದವನು ಮತ್ತೆ ಒಳಗೆ ಹೋಗುವಂತಿಲ್ಲ.

ಮೂರನೆಯದು 15 ನಿಮಿಷ ಮೀರದ ವಿರಾಮ. ಇಡೀ ತಂಡ ಕೂತು ಕೋಚ್ ಮಾತು ಕೇಳುವ ಒಂದೇ ಹೊತ್ತು ಇದು. ಇದರ ಜೊತೆ ಬಿಸಿಲು ಹೆಚ್ಚಿದ್ದರೆ ನೀರು ಕುಡಿಯಲು, ಮೈ ತಣಿಸಿಕೊಳ್ಳಲು ಸಣ್ಣ ವಿರಾಮ ಕೊಡಲು ನಿಯಮವಿದೆ. ನಮ್ಮ ಕಡೆಯ ಮಾರ್ಚ್ ಬಿಸಿಲು ಕಂಡವರಿಗೆ ಇದರ ಬೆಲೆ ಗೊತ್ತು. ಗೋಲ್‌ಕೀಪರ್ ಪೆಟ್ಟಾಗಿ ನೆಲಕ್ಕೆ ಕೂತಾಗ ಉಳಿದ ಹತ್ತು ಮಂದಿ ಕೋಚ್ ಹತ್ತಿರ ಓಡುವುದನ್ನು ನೀವು ನೋಡಿರಬಹುದು. ಟೈಮ್‌ಔಟ್ ಇಲ್ಲದ ಆಟದಲ್ಲಿ ಟೈಮ್‌ಔಟ್ ಹುಡುಕಿಕೊಳ್ಳುವ ದಾರಿ ಅದು.

ಬದಲಾವಣೆ ಫಲ ಕೊಟ್ಟ ಪಂದ್ಯಗಳು

2005ರ ಮೇ 25ರಂದು ಇಸ್ತಾಂಬುಲ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್. ವಿರಾಮಕ್ಕೆ ಲಿವರ್‌ಪೂಲ್ ತಂಡ ಮಿಲಾನ್ ಎದುರು 0-3 ಹಿಂದೆ ಇತ್ತು. ಕೋಚ್ ರಾಫೆಲ್ ಬೆನಿಟೆಜ್ ರಕ್ಷಣೆಯಲ್ಲಿದ್ದ ಸ್ಟೀವ್ ಫಿನ್ನನ್ ಅವರನ್ನು ತೆಗೆದು ಮಧ್ಯದಲ್ಲಿ ಆಡುವ ಹಾಮನ್ ಅವರನ್ನು ಇಳಿಸಿದರು. ಹಿಂದೆ ನಾಲ್ವರ ಬದಲು ಮೂವರು ನಿಂತರು. ಹಾಮನ್ ಮಧ್ಯವನ್ನು ಕಾಯುತ್ತಿದ್ದುದರಿಂದ ನಾಯಕ ಸ್ಟೀವನ್ ಜೆರಾರ್ಡ್ ಮುಂದೆ ನುಗ್ಗಲು ಸಾಧ್ಯವಾಯಿತು. ಆರು ನಿಮಿಷದಲ್ಲಿ ಮೂರು ಗೋಲು ಬಂದವು. ಕೊನೆಗೆ ಪೆನಾಲ್ಟಿಯಲ್ಲಿ ಲಿವರ್‌ಪೂಲ್ ಗೆದ್ದಿತು. ಹನ್ನೊಂದು ಮಂದಿಯಲ್ಲಿ ಬದಲಾದವನು ಒಬ್ಬನೇ, ಆದರೆ ಉಳಿದವರ ಕೆಲಸವೂ ಬದಲಾಯಿತು. ತಂತ್ರ ಬದಲಿಸುವುದು ಅಂದರೆ ಇದೇ.

2022ರ ವಿಶ್ವಕಪ್ ಫೈನಲ್ ನಮ್ಮಲ್ಲಿ ಬಹಳ ಮಂದಿ ನೋಡಿದ್ದೇವೆ. ಅರ್ಜೆಂಟೀನಾ 2-0 ಮುಂದಿತ್ತು. ಫ್ರಾನ್ಸ್ ಕೋಚ್ ದಿದಿಯೆ ದೆಶಾಂ ವಿರಾಮದ ತನಕವೂ ಕಾಯಲಿಲ್ಲ. 41ನೇ ನಿಮಿಷಕ್ಕೇ ಜಿರೂ ಮತ್ತು ಡೆಂಬೆಲೆ ಹೊರಗೆ, ಥುರಾಂ ಮತ್ತು ಕೊಲೊ ಮುವಾನಿ ಒಳಗೆ. ಎಂಬಾಪೆ ಎಡದಿಂದ ನಡುವಿಗೆ ಬಂದರು. 71ನೇ ನಿಮಿಷದಲ್ಲಿ ಕೊಮಾನ್ ಮತ್ತು ಕಮವಿಂಗಾ ಇಳಿದರು. 80ನೇ ನಿಮಿಷದ ಪೆನಾಲ್ಟಿ ಸಿಕ್ಕಿದ್ದು ಕೊಲೊ ಮುವಾನಿಯನ್ನು ಬೀಳಿಸಿದ್ದಕ್ಕೆ. ಮರುನಿಮಿಷವೇ ಕೊಮಾನ್ ಮೆಸ್ಸಿಯಿಂದ ಚೆಂಡು ಕಸಿದರು, ಥುರಾಂ ಎಂಬಾಪೆಗೆ ಪಾಸ್ ಕೊಟ್ಟರು, ಗೋಲು! ಎರಡೂ ಗೋಲು ಹೊಡೆದದ್ದು ಎಂಬಾಪೆ. ಆದರೆ ದಾರಿ ಮಾಡಿದವರು ಬೆಂಚಿನಿಂದ ಎದ್ದು ಬಂದವರು. ಕೊನೆಗೆ ಪೆನಾಲ್ಟಿಯಲ್ಲಿ ಫ್ರಾನ್ಸ್ ಸೋತಿತು. ಅಂದರೆ ಸರಿಯಾದ ಬದಲಾವಣೆ ಗೆಲುವಿನ ಗ್ಯಾರಂಟಿ ಅಲ್ಲ, ಕೈಬಿಟ್ಟುಹೋದ ಪಂದ್ಯಕ್ಕೆ ಮತ್ತೆ ಸಿಗುವ ಅವಕಾಶ ಅಷ್ಟೇ.

ರಹೀಮ್ ಸಾಹೇಬರ ಕಾಲ

ಐದು ಬದಲಿ ಆಟಗಾರರ ಅನುಕೂಲ ಇಲ್ಲದ ಕಾಲದಲ್ಲೂ ತಂತ್ರ ಬದಲಿಸಿದವರು ನಮ್ಮ ದೇಶದಲ್ಲೇ ಇದ್ದರು. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಮೂಲತಃ ಶಾಲಾ ಶಿಕ್ಷಕರು. ಅವರ ತರಬೇತಿಯಲ್ಲಿ ಭಾರತ 1951ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದಿತು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆಯಿತು.

1962ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್. ಮೊದಲ ಪಂದ್ಯದಲ್ಲೇ ಭಾರತ ದಕ್ಷಿಣ ಕೊರಿಯಾಕ್ಕೆ 0-2 ಸೋತಿತು. ಮುಂದೆ ರಕ್ಷಣೆಯ ಆಧಾರಸ್ತಂಭ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿತ್ತು. ರಹೀಮ್ ಅವರನ್ನು ಕೂರಿಸಲಿಲ್ಲ. ಹಿಂದಿನಿಂದ ತೆಗೆದು ಸೆಂಟರ್ ಫಾರ್ವರ್ಡ್ ಆಗಿ ಮುಂದೆ ನಿಲ್ಲಿಸಿದರು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಎದುರಿಗೆ ಅದೇ ಕೊರಿಯಾ. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಸಿಂಗ್ ಒಂದು ಗೋಲು ಹೊಡೆದು ಭಾರತ 2-1ರಿಂದ ಗೆದ್ದಿತು. ಇದು ಪಂದ್ಯದ ನಡುವೆ ಅಲ್ಲ, ಪಂದ್ಯ ಪಂದ್ಯಗಳ ನಡುವೆ ಮಾಡಿದ ಬದಲಾವಣೆ. ಆದರೂ ಪಾಠ ಒಂದೇ: ಹೊಸ ಆಟಗಾರ ಇಲ್ಲದಿದ್ದರೆ ಇರುವ ಆಟಗಾರನಿಗೆ ಹೊಸ ಕೆಲಸ ಕೊಡು. ಮರುವರ್ಷವೇ, 1963ರಲ್ಲಿ, ರಹೀಮ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಭಾರತಕ್ಕೆ ಆಮೇಲೆ ಚಿನ್ನ ಬಂದಿಲ್ಲ.

ಕೋಚ್ ಕೈಗೆ ಸಿಗದ ಕ್ಷಣ

ಎಲ್ಲವೂ ಕೋಚ್ ಕೈಯಲ್ಲಿ ಇಲ್ಲ. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ಐಎಸ್‌ಎಲ್ ನಾಕೌಟ್ ಪಂದ್ಯ. ಹೆಚ್ಚುವರಿ ಅವಧಿಯಲ್ಲಿ ಬೆಂಗಳೂರಿಗೆ ಫ್ರೀಕಿಕ್ ಸಿಕ್ಕಿತು. ಕೇರಳದವರು ಇನ್ನೂ ಗೋಡೆ ಕಟ್ಟಿಕೊಳ್ಳುತ್ತಿರುವಾಗಲೇ ಸುನಿಲ್ ಛೆಟ್ರಿ ಚೆಂಡನ್ನು ಗೋಲಿಗೆ ಕಳಿಸಿಬಿಟ್ಟರು. ರೆಫರಿ ಗೋಲು ಕೊಟ್ಟರು. ಆ ಒಂದೆರಡು ಸೆಕೆಂಡಿನಲ್ಲಿ ಯಾವ ಕೋಚ್ ಹೇಳಿ ಮಾಡಿಸಲು ಸಾಧ್ಯ? ಅದು ಆಟಗಾರನೇ ತೆಗೆದುಕೊಂಡ ತೀರ್ಮಾನ.

ಅದಕ್ಕೆ ಉತ್ತರವಾಗಿ ಕೇರಳದ ಕೋಚ್ ಇವಾನ್ ವುಕೊಮನೊವಿಚ್ ಮಾಡಿದ್ದು ಇನ್ನೊಂದು ತೀರ್ಮಾನ. ಪ್ರತಿಭಟಿಸಿ ತಮ್ಮ ತಂಡವನ್ನು ಮೈದಾನದಿಂದ ಹೊರಗೆ ಕರೆದೊಯ್ದರು. ಪಂದ್ಯ ಬೆಂಗಳೂರಿನ ಪಾಲಾಯಿತು. ಆಮೇಲೆ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ ಬಿತ್ತು. ಇನ್ನೂ ಇಪ್ಪತ್ತಕ್ಕೂ ಹೆಚ್ಚು ನಿಮಿಷ ಆಟ ಬಾಕಿ ಇತ್ತು. ಸಿಟ್ಟು ಎಷ್ಟೇ ನ್ಯಾಯವಾದದ್ದಿರಲಿ, ಕೋಚ್ ಮೈದಾನ ಬಿಟ್ಟರೆ ಗೋಲು ತೀರಿಸುವ ಅವಕಾಶವನ್ನೂ ಅಲ್ಲೇ ಬಿಟ್ಟಂತೆ.

ಕಾಮರ್ಸ್ ಲೆಕ್ಕದಲ್ಲಿ

ಬದಲಿ ಆಟಗಾರರು ಕೋಚ್‌ನ ಬಂಡವಾಳ ಇದ್ದಂತೆ. ಬೇಗ ಖರ್ಚು ಮಾಡಿದರೆ ಕೊನೆಗೆ ಯಾರಿಗಾದರೂ ಪೆಟ್ಟಾದಾಗ ಕೈ ಖಾಲಿ. ಕೂಡಿಟ್ಟುಕೊಂಡೇ ಕೂತರೆ ಪಂದ್ಯವೇ ಮುಗಿದುಹೋಗುತ್ತದೆ, ಉಳಿದ ಬಂಡವಾಳಕ್ಕೆ ಬಡ್ಡಿ ಇಲ್ಲ. 2014ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ನೆದರ್ಲೆಂಡ್ಸ್ ಕೋಚ್ ಲೂಯಿ ವಾನ್ ಗಾಲ್ ಕೊನೆಯ ಬದಲಾವಣೆಯನ್ನು 120ನೇ ನಿಮಿಷದವರೆಗೆ ಉಳಿಸಿಕೊಂಡರು. ಪೆನಾಲ್ಟಿಗೆಂದೇ ಗೋಲ್‌ಕೀಪರ್ ಟಿಮ್ ಕ್ರುಲ್ ಅವರನ್ನು ಇಳಿಸಿದರು. ಕ್ರುಲ್ ಕೋಸ್ಟರಿಕಾದ ಎರಡು ಹೊಡೆತ ತಡೆದರು, ತಂಡ ಗೆದ್ದಿತು. ಇದು ಆ ಕ್ಷಣಕ್ಕೆ ಹೊಳೆದದ್ದಲ್ಲ, ಮೊದಲೇ ಯೋಚಿಸಿ ಇಟ್ಟುಕೊಂಡದ್ದು.

ನಮ್ಮ ಮೈದಾನಕ್ಕೆ ಬಂದರೆ

ತಾಲ್ಲೂಕು ಮಟ್ಟದ ಪಂದ್ಯಗಳಲ್ಲಿ ಗೆರೆಯ ಹೊರಗೆ ನಿಂತವರೆಲ್ಲ ಕೋಚ್‌ಗಳೇ. ಸೀನಿಯರ್ "ಮುಂದೆ ಹೋಗೋ" ಅಂತಾನೆ, ಅಣ್ಣ "ಹಿಂದೆ ನಿಲ್ಲೋ" ಅಂತಾನೆ, ಪಿ.ಟಿ. ಸರ್ ಹೇಳಿದ್ದು ಯಾರಿಗೂ ಕೇಳುವುದಿಲ್ಲ. ಸೋತರೆ ಬೈಗುಳ ಮಾತ್ರ ಸರ್‌ಗೋ ಗೋಲ್‌ಕೀಪರ್‌ಗೋ ಬೀಳುತ್ತದೆ. ಮೇಲಿನ ಪಂದ್ಯಗಳಿಂದ ನಾವು ಮೂರು ಕೆಲಸ ಕಲಿಯಬಹುದು.

ಒಂದು, ಗೆರೆಯ ಹೊರಗಿನಿಂದ ಒಬ್ಬರೇ ಮಾತಾಡಲಿ.

ಎರಡು, ಗೋಲು ಬಿಟ್ಟರೆ ಯಾರು ಎಲ್ಲಿ ನಿಲ್ಲಬೇಕು, ಮುಂದಿದ್ದರೆ ಯಾರು ಹಿಂದೆ ಬರಬೇಕು ಎಂಬುದು ಪಂದ್ಯದ ಹಿಂದಿನ ದಿನವೇ ಗೊತ್ತಿರಲಿ. ಆಗ ಕೋಚ್ ಕೂಗುವ ಒಂದು ಪದ ಸಾಕು.

ಮೂರು, ಬೆಂಚಿನಲ್ಲಿ ಕೂತವನು ಮೊಬೈಲ್ ಬಿಟ್ಟು ಆಟ ನೋಡಲಿ. ಎದುರಾಳಿಯ ಯಾವ ಆಟಗಾರ ದಣಿದಿದ್ದಾನೆ, ಯಾವ ಬದಿ ಖಾಲಿ ಇದೆ ಎಂದು ಹೊರಗಿನಿಂದ ಚೆನ್ನಾಗಿ ಕಾಣುತ್ತದೆ. ತಂಡದ ಪಟ್ಟಿಯಲ್ಲಿ ಹನ್ನೆರಡನೆಯ ಹೆಸರು ಬಂದಿದ್ದಕ್ಕೆ ಬೇಸರ ಮಾಡಿಕೊಳ್ಳುವ ಗೆಳೆಯರು ನಮ್ಮಲ್ಲಿ ಇದ್ದಾರೆ. ವಿಶ್ವಕಪ್ ಫೈನಲ್‌ನಲ್ಲಿ ಕೊಲೊ ಮುವಾನಿಯ ಹೆಸರೂ ಮೊದಲ ಹನ್ನೊಂದರಲ್ಲಿ ಇರಲಿಲ್ಲ.