ಇತರ ಅಂಶಗಳು ಸ್ಥಿರವಾಗಿರುವುದಿಲ್ಲ

‘ಇತರ ಅಂಶಗಳು ಸ್ಥಿರವಾಗಿದ್ದರೆ’ ಎಂಬ ಮಾತನ್ನು ಅರ್ಥಶಾಸ್ತ್ರದ ಸ್ನಾತಕೋತ್ತರ ಪರೀಕ್ಷೆಗಳಲ್ಲಿ ನಾನು ಎಷ್ಟು ಬಾರಿ ಬರೆದಿರಬಹುದೋ ಲೆಕ್ಕವಿಲ್ಲ. ಇತರ ಅಂಶಗಳು ಸ್ಥಿರವಾಗಿದ್ದರೆ, ಬೆಲೆ ಇಳಿದಾಗ ಬೇಡಿಕೆ ಏರುತ್ತದೆ. ಸರ್ಕಾರಿ ಸೇವೆಗೆ ಸೇರಿದ ಮೇಲೆ ಇದೇ ಮಾತು ಬೇರೆ ವೇಷದಲ್ಲಿ ಕಡತಗಳ ಟಿಪ್ಪಣಿಗಳಲ್ಲಿ ಎದುರಾಯಿತು. ಅದರ ನಿಜವಾದ ಅರ್ಥ ತಿಳಿದದ್ದು ಮಾತ್ರ ನಿವೃತ್ತಿಯ ನಂತರ, ಬಹುಚರ ಕಲನಶಾಸ್ತ್ರದ ವಿಶ್ವವಿದ್ಯಾಲಯ ಪಠ್ಯಕ್ರಮವೊಂದನ್ನು ಕಲಿಯಲು ಕುಳಿತಾಗ.

ಅಮೆರಿಕದ ಎಂಐಟಿ ತನ್ನ ಪಾಠಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಡುವ ಯೋಜನೆಯನ್ನು 2001ರಲ್ಲಿ ಪ್ರಕಟಿಸಿತು. ಅಲ್ಲಿ 18.02 ಎಂಬ ಸಂಖ್ಯೆಯ ಪಠ್ಯಕ್ರಮವೇ ಬಹುಚರ ಕಲನಶಾಸ್ತ್ರ. ಪ್ರಾಧ್ಯಾಪಕ ಡೆನಿಸ್ ಒರೂ 2007ರಲ್ಲಿ ಕಪ್ಪುಹಲಗೆಯ ಮುಂದೆ ನಿಂತು ಮಾಡಿದ 35 ಉಪನ್ಯಾಸಗಳು ಯಾರಿಗಾದರೂ ಲಭ್ಯ. ಉಪನ್ಯಾಸ ಕೇಳುವಾಗ ಎಲ್ಲವೂ ಅರ್ಥವಾದಂತೆಯೇ ತೋರುತ್ತದೆ. ಲೆಕ್ಕ ಮಾಡಲು ಪೆನ್ಸಿಲ್ ಹಿಡಿದಾಗ ಆ ಭ್ರಮೆ ಹರಿಯುತ್ತದೆ. ಮೊದಲ ವಾರವೇ ಪಿಯುಸಿ ಗಣಿತ ಪುಸ್ತಕಕ್ಕೆ ಹಿಂದಿರುಗಬೇಕಾಯಿತು. ನನ್ನನ್ನು ತಡೆದದ್ದು ವಯಸ್ಸಲ್ಲ, ತಳಪಾಯವಿಲ್ಲದ ಗೋಡೆ.

ಒಂದಕ್ಕಿಂತ ಹೆಚ್ಚು ಚರಗಳನ್ನು ಅವಲಂಬಿಸಿದ ಪರಿಮಾಣವೊಂದರಲ್ಲಿ, ಉಳಿದವನ್ನು ಕಟ್ಟಿಹಾಕಿ ಒಂದನ್ನು ಮಾತ್ರ ಚಲಿಸಲು ಬಿಟ್ಟಾಗ ಆಗುವ ಬದಲಾವಣೆಯ ದರವೇ ಆಂಶಿಕ ಅವಕಲನ. ನಾನು ಉರು ಹೊಡೆದಿದ್ದ ಮಾತಿನ ಗಣಿತರೂಪ ಇದೇ. ಆದರೆ ಪಾಠ ಅಲ್ಲಿಗೆ ನಿಲ್ಲುವುದಿಲ್ಲ. ಚರಗಳು ಒಂದನ್ನೊಂದು ಎಳೆದುಕೊಂಡು ಚಲಿಸುವಾಗ ಒಟ್ಟು ಪರಿಣಾಮವನ್ನು ಎಣಿಸುವ ಸರಪಳಿ ನಿಯಮ ಮುಂದಿನ ಪಾಠಗಳಲ್ಲೇ ಬರುತ್ತದೆ.

ಪಂಪ್‌ಸೆಟ್ಟಿನ ವಿದ್ಯುತ್ ದರವನ್ನು ತಗ್ಗಿಸಿದರೆ ರೈತನ ಖರ್ಚು ಎಷ್ಟು ಇಳಿಯುತ್ತದೆ? ಅಂತರ್ಜಲದ ಮಟ್ಟ, ಬೆಳೆ, ಕೊಳವೆಬಾವಿಗಳ ಸಂಖ್ಯೆ ಇದ್ದಂತೆಯೇ ಇರುತ್ತವೆ ಎಂದುಕೊಂಡರೆ ಉತ್ತರ ಸುಲಭ. ಆದರೆ ದರ ಇಳಿದಾಗ ಹೆಚ್ಚು ನೀರು ಬೇಡುವ ಬೆಳೆ ಹೊಲಕ್ಕೆ ಬರಬಹುದು, ಪಂಪು ಹೆಚ್ಚು ಹೊತ್ತು ಓಡಬಹುದು, ನೀರು ಕೆಳಗಿಳಿಯಬಹುದು. ಅಷ್ಟೇ ನೀರನ್ನು ಎರಡರಷ್ಟು ಆಳದಿಂದ ಎತ್ತಲು ಎರಡರಷ್ಟು ಶಕ್ತಿ ಬೇಕು. ಕೊನೆಗೆ ಹೊಸ ಬಾವಿಯ ಸಾಲ. ಸಹಾಯಧನ ಕೂಡದೆಂಬುದು ಇಲ್ಲಿನ ವಾದವಲ್ಲ. ಸರಪಳಿಯ ಮೊದಲ ಕೊಂಡಿಯನ್ನಷ್ಟೇ ಎಣಿಸಿ ಉಳಿದವನ್ನು ಮರೆಯುವುದು ಲೆಕ್ಕವಲ್ಲ ಎಂಬುದಷ್ಟೇ. ಅಂತಹ ಟಿಪ್ಪಣಿಗಳಿಗೆ ನಾನೂ ಸಹಿ ಹಾಕಿದ್ದೇನೆ.

ಪಠ್ಯಕ್ರಮದ ಇನ್ನೊಂದು ಭಾಗ ನನಗೆ ಹಳೆಯ ಪರಿಚಯದಂತೆ ಕಂಡಿತು. ಸರ್ವೆ ಆಫ್ ಇಂಡಿಯಾದ ನಕ್ಷೆಗಳಲ್ಲಿ ಒಂದೇ ಎತ್ತರದ ಸ್ಥಳಗಳನ್ನು ಕೂಡಿಸುವ ಕಾಂಟೂರ್ ರೇಖೆಗಳಿರುತ್ತವೆ. ಅತ್ಯಂತ ಕಡಿದಾದ ಏರು ಯಾವ ದಿಕ್ಕಿಗಿದೆ ಎಂದು ತೋರಿಸುವ ಗ್ರೇಡಿಯೆಂಟ್ ಆ ರೇಖೆಗಳಿಗೆ ಸದಾ ಲಂಬವಾಗಿರುತ್ತದೆ. ಈಗ ಬೆಟ್ಟದ ಮೇಲಿನ ರಸ್ತೆಯೊಂದನ್ನು ಊಹಿಸಿಕೊಳ್ಳಿ. ರಸ್ತೆ ಕಾಂಟೂರನ್ನು ಅಡ್ಡ ದಾಟುತ್ತಿರುವವರೆಗೆ ಅದು ಏರುತ್ತಲೋ ಇಳಿಯುತ್ತಲೋ ಇರುತ್ತದೆ. ರಸ್ತೆಯ ಅತಿ ಎತ್ತರದ ಸ್ಥಳದಲ್ಲಿ ಅದು ಕಾಂಟೂರನ್ನು ದಾಟದೆ ತಾಗಿಕೊಂಡು ಸಾಗುತ್ತದೆ. ಹದಿನೆಂಟನೇ ಶತಮಾನದ ಗಣಿತಜ್ಞ ಲಗ್ರಾಂಜ್ ಹೆಸರಿನ ಗುಣಕದ ಹಿಂದಿರುವ ಚಿತ್ರ ಇದೇ. ಗ್ರಾಹಕನ ಆಯವ್ಯಯ ರೇಖೆ ಔದಾಸೀನ್ಯ ವಕ್ರರೇಖೆಯನ್ನು ಸ್ಪರ್ಶಿಸುವ ಚಿತ್ರವನ್ನು ನೂರಾರು ಬಾರಿ ಬಿಡಿಸಿದ್ದ ನನಗೆ, ಅದು ಏಕೆ ಸ್ಪರ್ಶಿಸಲೇಬೇಕು ಎಂಬುದು ಅರವತ್ತು ದಾಟಿದ ಮೇಲೆ ಹೊಳೆಯಿತು.

ಆ ಗುಣಕಕ್ಕೊಂದು ಆಡಳಿತಾತ್ಮಕ ಅರ್ಥವೂ ಇದೆ. 40 ಮೀಟರ್ ತಂತಿಯಿಂದ ಆಯತಾಕಾರದ ಜಾಗಕ್ಕೆ ಬೇಲಿ ಹಾಕಬೇಕು. ಒಳಗಿನ ವಿಸ್ತೀರ್ಣ ಗರಿಷ್ಠವಾಗಿರಬೇಕು. ಉತ್ತರ 10 ಮೀಟರ್ ಬದಿಯ ಚೌಕ, 100 ಚದರ ಮೀಟರ್. ಇನ್ನೊಂದು ಮೀಟರ್ ತಂತಿ ಸಿಕ್ಕರೆ? ಗುಣಕದ ಬೆಲೆ 5. ಅಂದರೆ ಸುಮಾರು 5 ಚದರ ಮೀಟರ್ ಹೆಚ್ಚುತ್ತದೆ. ಅರ್ಥಶಾಸ್ತ್ರಜ್ಞರು ಇದನ್ನು ಛಾಯಾಬೆಲೆ ಎನ್ನುತ್ತಾರೆ: ಮಿತಿಯನ್ನು ಒಂದಿಷ್ಟು ಸಡಿಲಿಸಿದರೆ ದೊರೆಯುವ ಲಾಭ. ಅನುದಾನ ಹಂಚುವಾಗ ಕಳೆದ ವರ್ಷದ ಮೊತ್ತಕ್ಕೆ ಶೇ 10 ಸೇರಿಸುವುದು ನಮಗೆ ರೂಢಿಯಾಗಿತ್ತು. ಇನ್ನೊಂದು ಕೋಟಿ ಯಾವ ತಾಲ್ಲೂಕಿನಲ್ಲಿ, ಯಾವ ಕೆಲಸದಲ್ಲಿ ಹೆಚ್ಚು ಫಲ ಕೊಟ್ಟೀತು ಎಂಬ ಪ್ರಶ್ನೆ ಸಭೆಗಳಲ್ಲಿ ಅಪರೂಪವಾಗಿತ್ತು.

ನನ್ನ ತಲೆಮಾರಿನ ಈ ಕೊರತೆ ಮುಂದಿನವರಿಗೂ ಬಳುವಳಿಯಾಗಬೇಕೆ? ಪಿಯುಸಿಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ಸಂಯೋಜನೆ ಆಯ್ದುಕೊಂಡ ವಿದ್ಯಾರ್ಥಿಗೆ ಹತ್ತನೇ ತರಗತಿಯೇ ಗಣಿತದ ಕೊನೆಯ ನಿಲ್ದಾಣ. ಆದರೆ ಪಾಲ್ ಸ್ಯಾಮ್ಯುಯೆಲ್ಸನ್ 1947ರಲ್ಲಿ ‘ಫೌಂಡೇಶನ್ಸ್ ಆಫ್ ಎಕನಾಮಿಕ್ ಅನಾಲಿಸಿಸ್’ ಬರೆದ ಕಾಲದಿಂದಲೂ ಅವರು ಮುಂದೆ ಓದಬೇಕಾದ ಶಾಸ್ತ್ರದ ಭಾಷೆ ಕಲನಶಾಸ್ತ್ರವೇ. ಹಳ್ಳಿಯ ಕಾಲೇಜಿನಿಂದ ಬಂದ ಜಾಣ ಹುಡುಗಿ ಉನ್ನತ ಅಧ್ಯಯನದ ಬಾಗಿಲಲ್ಲಿ ಎಡವಿದರೆ ಅದು ಬುದ್ಧಿಯ ಕೊರತೆಯಿಂದಲ್ಲ. ಹದಿನಾರನೇ ವಯಸ್ಸಿನಲ್ಲಿ ಭರ್ತಿ ಮಾಡಿದ ಅರ್ಜಿಯ ಒಂದು ಕಾಲಮ್ಮಿನಿಂದ.

ಗಣಿತವನ್ನು ಎಲ್ಲರಿಗೂ ಕಡ್ಡಾಯಗೊಳಿಸುವುದು ಇದಕ್ಕೆ ಪರಿಹಾರವಲ್ಲ. ಬಿಟ್ಟುಹೋದವರಿಗೆ ಹಿಂದಿರುಗುವ ದಾರಿಯಿರಬೇಕು. ಅರ್ಥಶಾಸ್ತ್ರ ವಿಭಾಗಗಳು ಮೊದಲ ವರ್ಷದಲ್ಲೇ, ಕನ್ನಡದಲ್ಲಿ ವಿವರಿಸುವ ಸೇತುಬಂಧ ತರಗತಿಯೊಂದನ್ನು ನಡೆಸಬಹುದು. 2017ರಲ್ಲಿ ಆರಂಭವಾದ ‘ಸ್ವಯಂ’ನಂತಹ ಉಚಿತ ವೇದಿಕೆಗಳ ಪಾಠ ಇದಕ್ಕೆ ಪೂರಕವಾಗಬಲ್ಲದು. ಆದರೆ ಪರದೆಯ ಉಪನ್ಯಾಸಕ ನಮ್ಮ ತಪ್ಪು ಹೆಜ್ಜೆಯನ್ನು ಕಾಣಲಾರ. ಪಕ್ಕದಲ್ಲಿ ಕುಳಿತು ‘ಇಲ್ಲಿ ಚಿಹ್ನೆ ತಪ್ಪಿದೆ’ ಎನ್ನುವ ಅಧ್ಯಾಪಕರು ಬೇಕೇ ಬೇಕು.

ಸ್ಟೋಕ್ಸ್ ಪ್ರಮೇಯ ನನಗಿನ್ನೂ ಪೂರ್ತಿ ವಶವಾಗಿಲ್ಲ. ಹಾಗಿದ್ದೂ ಈ ಪಠ್ಯಕ್ರಮದ ಋಣ ದೊಡ್ಡದು. ಜಗತ್ತಿನಲ್ಲಿ ಇತರ ಅಂಶಗಳು ಸ್ಥಿರವಾಗಿರುವುದಿಲ್ಲ ಎಂದು ಅನುಭವ ಹೇಳಿತ್ತು. ಅವು ಅಸ್ಥಿರವಾಗಿದ್ದಾಗಲೂ ಲೆಕ್ಕ ಸಾಧ್ಯ ಎಂದು ಹೇಳಿದ್ದು ಈ ಗಣಿತ. ಅಧಿಕಾರದಲ್ಲಿದ್ದಾಗ ಇದು ತಿಳಿದಿದ್ದರೆ ಕೆಲವು ಕಡತಗಳನ್ನು ಇನ್ನೊಂದು ದಿನ ನನ್ನ ಮೇಜಿನ ಮೇಲೆಯೇ ಇಟ್ಟುಕೊಳ್ಳುತ್ತಿದ್ದೆ.