ಒಂದು ಚಿತ್ರದ ಪುನರ್ಜನ್ಮ

ಶಿಲ್ಪಿಯು ಕಲ್ಲಿನಲ್ಲಿ ಕಡೆದ ವಿಗ್ರಹವು ಸಾವಿರ ವರ್ಷ ಬಾಳುತ್ತದೆ. ತಾಳೆಗರಿಯ ಮೇಲೆ ಬರೆದ ಗ್ರಂಥವೂ ಜೋಪಾನವಾಗಿಟ್ಟರೆ ಕೆಲವು ಶತಮಾನಗಳ ಕಾಲ ಉಳಿಯುತ್ತದೆ. ಆದರೆ ಇಪ್ಪತ್ತನೆಯ ಶತಮಾನದ ಕಲೆಯೆನಿಸಿದ ಚಲನಚಿತ್ರದ ಆಯುಸ್ಸು ಬಹಳ ಅಲ್ಪವಾದುದು. ಮೊದಮೊದಲಿನ ಚಿತ್ರಗಳನ್ನು ಸೆಲ್ಯುಲೋಸ್ ನೈಟ್ರೇಟಿನಿಂದ ತಯಾರಾದ ಸುರುಳಿಗಳ ಮೇಲೆ ಮುದ್ರಿಸುತ್ತಿದ್ದರು. ಬೆಂಕಿ ತಾಗಿದರೆ ಅದು ಭಗ್ಗನೆ ಉರಿಯುತ್ತದೆ. ತಾಗದಿದ್ದರೂ ಕಾಲಕ್ರಮದಲ್ಲಿ ಅಂಟಾಗಿ, ಕಡೆಗೆ ಪುಡಿಯಾಗುತ್ತದೆ. ಇದು ಸಾಲದೆಂಬಂತೆ, ಚಿತ್ರವು ದೀರ್ಘವಾಯಿತೆಂದು ವ್ಯಾಪಾರಿಗಳು ಅದಕ್ಕೆ ಕತ್ತರಿ ಹಾಕುವುದೂ ಉಂಟು. ಹೀಗೆ ಕತ್ತರಿಗೆ ಸಿಕ್ಕಿ ಛಿದ್ರವಾಗಿ, ಎಂಬತ್ತಕ್ಕೂ ಹೆಚ್ಚು ವರ್ಷಗಳ ಬಳಿಕ ಬಹುಮಟ್ಟಿಗೆ ತನ್ನ ಮೊದಲಿನ ರೂಪವನ್ನು ಪಡೆದ ಜರ್ಮನ್ ಚಿತ್ರವೇ ‘ಮೆಟ್ರೊಪೊಲಿಸ್’. ಮಹಾನಗರವೆಂದು ಆ ಹೆಸರಿನ ಅರ್ಥ.

ಫ್ರಿಟ್ಸ್ ಲಾಂಗ್ ನಿರ್ದೇಶಿಸಿದ ಈ ಮೂಕಿಚಿತ್ರವು 1927ರ ಜನವರಿ 10ರಂದು ಬರ್ಲಿನ್ನಿನಲ್ಲಿ ಮೊದಲ ಬಾರಿಗೆ ಪ್ರದರ್ಶಿತವಾಯಿತು. ಮುಗಿಲು ಮುಟ್ಟುವ ಗೋಪುರಗಳಲ್ಲಿ ಸಿರಿವಂತರು ಸುಖವಾಗಿರುತ್ತಾರೆ. ನೆಲದಡಿಯಲ್ಲಿ ಕಾರ್ಮಿಕರು ಯಂತ್ರಗಳಿಗೆ ತಮ್ಮ ಜೀವವನ್ನು ತೇಯುತ್ತಾರೆ. ನಗರದ ಒಡೆಯನಾದ ಫ್ರೆಡರ್ಸನ್ನನ ಮಗ ಫ್ರೆಡರ್ ಒಮ್ಮೆ ಕೆಳಗಿಳಿದು ಆ ದಾರುಣವನ್ನು ಕಣ್ಣಾರೆ ಕಾಣುತ್ತಾನೆ. ಕಥೆ ಅಲ್ಲಿಂದ ಬೆಳೆಯುತ್ತದೆ.

ಚಿತ್ರವನ್ನು ನೋಡುವ ಮೊದಲು ಅದರ ಭಿತ್ತಿಪತ್ರವನ್ನು ನೋಡುವುದು ಒಳ್ಳೆಯದು. ಶುಲ್ಟ್ಸ್-ನಾಯ್‌ಡಾಮ್ ಎಂಬ ಕಲಾವಿದ ರಚಿಸಿದ ಪ್ರಸಿದ್ಧ ಭಿತ್ತಿಪತ್ರದಲ್ಲಿ ಲೋಹದ ಮೈಯ ಯಂತ್ರಸ್ತ್ರೀಯೊಬ್ಬಳು ನಮ್ಮನ್ನು ದಿಟ್ಟಿಸುತ್ತಾಳೆ. ಅವಳ ಹಿಂದೆ ಗೋಪುರಗಳು ಒಂದರ ಮೇಲೊಂದು ಏರುತ್ತವೆ. ನೆಲದಡಿಯ ಕಾರ್ಮಿಕರು ಮಾತ್ರ ಅದರಲ್ಲಿ ಎಲ್ಲಿಯೂ ಇಲ್ಲ! ಜನರನ್ನು ಆಕರ್ಷಿಸುವ ವೈಭವವನ್ನಷ್ಟೇ ತೋರಿಸಿ ಕಥೆಯ ನೋವನ್ನು ಮರೆಮಾಡಿದ್ದಾರೆಂದೇ ನನ್ನ ಅಭಿಪ್ರಾಯ. ಗೋಡೆಗೆ ಅಂಟಿಸಲೆಂದು ಅಚ್ಚಾದ ಕಾಗದವನ್ನು ಕಾಪಾಡುವವರಾರು? ಅದರ ಬೆರಳೆಣಿಕೆಯ ಪ್ರತಿಗಳಷ್ಟೇ ಉಳಿದಿವೆ. 2005ರಲ್ಲಿ ಒಂದು ಪ್ರತಿಯು 6,90,000 ಡಾಲರುಗಳಿಗೆ ಮಾರಾಟವಾಯಿತು.

ಭಿತ್ತಿಪತ್ರವು ಮರೆಮಾಡಿದ್ದನ್ನು ಚಿತ್ರೀಕರಣದ ವೇಳೆ ತೆಗೆದ ಸ್ಥಿರಚಿತ್ರಗಳು ಬಯಲು ಮಾಡುತ್ತವೆ. ಅವುಗಳನ್ನು ತೆಗೆದವನು ಹೋರ್ಸ್ಟ್ ಫಾನ್ ಹಾರ್ಬೂ. ಚಿತ್ರಕಥೆಯನ್ನು ಬರೆದ ಥೇಯಾ ಫಾನ್ ಹಾರ್ಬೂ ಅವರ ಸೋದರ. ತೆರೆಯ ಮೇಲೆ ಯಂತ್ರಸ್ತ್ರೀ ನಿರ್ವಿಕಾರಳಾಗಿ ನಿಂತಿರುತ್ತಾಳೆ. ಚಿತ್ರೀಕರಣದ ಬಿಡುವಿನಲ್ಲಿ ತೆಗೆದ ಒಂದು ಸ್ಥಿರಚಿತ್ರದಲ್ಲಾದರೋ, ಆ ಬಿಗಿಯಾದ ಕವಚದೊಳಗೆ ಸಿಕ್ಕಿಕೊಂಡ ತರುಣ ನಟಿ ಬ್ರಿಗಿಟೆ ಹೆಲ್ಮ್, ಶಿರೋಭಾಗವನ್ನು ತೆಗೆಸಿಕೊಂಡು ದಣಿವಾರಿಸಿಕೊಳ್ಳುತ್ತಿದ್ದಾಳೆ. ಲೋಹವೆಂದು ನಾವು ನಂಬಿದ್ದು ಮರದ ಪುಡಿಯ ಕಣಕದಿಂದ ಮಾಡಿ ಬಣ್ಣ ಬಳಿದ ಕವಚ! ಮಹಾನಗರದ ಬೀದಿಗಳೂ ಅಷ್ಟೇ, ಬರಿಯ ಮಾದರಿಗಳು. ಅವುಗಳಲ್ಲಿನ ಪುಟ್ಟ ಕಾರುಗಳನ್ನು ಕೈಯಿಂದ ಕೂದಲೆಳೆಯಷ್ಟು ಸರಿಸಿ, ಒಂದೊಂದೇ ಚೌಕಟ್ಟನ್ನು ಚಿತ್ರಿಸಿದರು. ಕೆಲವು ಕ್ಷಣಗಳ ದೃಶ್ಯಕ್ಕೆ ಹಲವು ದಿನಗಳ ದುಡಿಮೆ. ಇದನ್ನು ತಿಳಿದ ಮೇಲೆ ದೃಶ್ಯದ ಸೊಬಗು ಕುಂದುವುದೆಂದು ಕೆಲವರು ಹೇಳುತ್ತಾರೆ. ನನಗಂತೂ ಅದು ಇಮ್ಮಡಿಯಾಯಿತು.

ಈ ಸ್ಥಿರಚಿತ್ರಗಳಿಗೆ ಮುಂದೆ ಯಾರೂ ಎಣಿಸದ ಪ್ರಯೋಜನವೊಂದು ಒದಗಿತು. ಬಿಡುಗಡೆಯಾದ ವರ್ಷದಲ್ಲಿಯೇ ಚಿತ್ರವನ್ನು ಅಮೆರಿಕದಲ್ಲಿಯೂ ಜರ್ಮನಿಯಲ್ಲಿಯೂ ಮೊಟಕುಗೊಳಿಸಿದರು. ಮೂಲದ ಉದ್ದ 4,189 ಮೀಟರು. ಅದರಲ್ಲಿ ಸುಮಾರು ಕಾಲುಭಾಗ ಕಳೆದುಹೋಯಿತು. ಹಾಗೆ ಹೋದವುಗಳಲ್ಲಿ ಹೆಲ್ ಎಂಬ ಹೆಂಗಸಿನ ಪ್ರಸಂಗವೂ ಒಂದು. ವಿಜ್ಞಾನಿ ರೋಟ್‌ವಾಂಗ್ ಆಕೆಯನ್ನು ಪ್ರೀತಿಸಿದ್ದ; ಆಕೆ ಫ್ರೆಡರ್ಸನ್ನನ ಕೈಹಿಡಿದಳು, ಫ್ರೆಡರನನ್ನು ಹೆತ್ತು ತೀರಿಕೊಂಡಳು. ರೋಟ್‌ವಾಂಗ್ ತನ್ನ ಮನೆಯಲ್ಲಿ ಆಕೆಯ ಬೃಹತ್ ಶಿಲೆಯೊಂದನ್ನು ನಿಲ್ಲಿಸಿ, ತೆರೆಯ ಮರೆಯಲ್ಲಿಟ್ಟಿದ್ದಾನೆ. ಯಂತ್ರಸ್ತ್ರೀಯನ್ನು ಅವನು ನಿರ್ಮಿಸಿದ್ದೂ ಸತ್ತವಳನ್ನು ಮರಳಿ ಪಡೆಯುವ ಹಂಬಲದಿಂದಲೇ. ‘ಹೆಲ್’ ಎಂಬುದು ಇಂಗ್ಲಿಷಿನಲ್ಲಿ ನರಕವೆಂಬ ಅರ್ಥವನ್ನು ನೆನಪಿಸುವುದೆಂದು ಅಮೆರಿಕದಲ್ಲಿ ಆ ಪ್ರಸಂಗವನ್ನೇ ಕಿತ್ತುಹಾಕಿದರು. ಪರಿಣಾಮವೇನಾಯಿತು? ವಿರಹದಿಂದ ಬೆಂದ ಮನುಷ್ಯನೊಬ್ಬ ಕಾರಣವಿಲ್ಲದೆ ಕೇಡು ಬಯಸುವ ಹುಚ್ಚನಾಗಿ ತೋರಿದ. ಕಥೆ ಅಸಂಬದ್ಧವೆಂದು ದೂರಿದ ಪ್ರೇಕ್ಷಕರು ನೋಡಿದ್ದು ಲಾಂಗ್ ಹೇಳಿದ ಕಥೆಯನ್ನಲ್ಲ.

ಚಿತ್ರವನ್ನು ಮತ್ತೆ ಜೋಡಿಸಲು ಹೊರಟ ವಿದ್ವಾಂಸರು ಸೆನ್ಸಾರ್ ಕಚೇರಿಯ ದಾಖಲೆಗಳಿಂದ ಲಿಖಿತ ಸಂಭಾಷಣೆಗಳನ್ನು ಹೆಕ್ಕಿ ತೆಗೆದರು. ಸಂಗೀತಗಾರ ಹುಪ್ಪರ್ಟ್ಸ್ ಬರೆದಿಟ್ಟಿದ್ದ ಸ್ವರಲಿಪಿಯಲ್ಲಿ ಯಾವ ಸ್ವರಕ್ಕೆ ಯಾವ ದೃಶ್ಯವೆಂಬ ಸಾವಿರಕ್ಕೂ ಮಿಕ್ಕ ಸೂಚನೆಗಳಿದ್ದವು. ಅವು ದೃಶ್ಯಗಳ ಕ್ರಮವನ್ನು ತಿಳಿಸಿದವು. ಚಲಿಸುವ ಚಿತ್ರ ದೊರೆಯದೆಡೆಗಳಲ್ಲಿ ಹಾರ್ಬೂವಿನ ಸ್ಥಿರಚಿತ್ರಗಳನ್ನೇ ಇಟ್ಟರು. ಹೀಗೆ ಹೆಲ್‌ಳ ಶಿಲೆಯು ಚಲಿಸದ ಚಿತ್ರವಾಗಿ ಕಥೆಗೆ ಹಿಂತಿರುಗಿತು.

ಉಳಿದದ್ದು ಎಂದೆಂದಿಗೂ ಹೋಯಿತೆಂದೇ ಎಲ್ಲರೂ ನಂಬಿದ್ದರು. ಆದರೆ ದೂರದ ಆರ್ಜೆಂಟೀನಾದಲ್ಲಿ ಬೇರೊಂದು ಮಾತು ಹಬ್ಬಿತ್ತು. ಹಿಂದೊಮ್ಮೆ ಚಿತ್ರಸಂಘವೊಂದರಲ್ಲಿ ಈ ಚಿತ್ರವನ್ನು ಪ್ರದರ್ಶಿಸಿದಾಗ, ಸುರುಳಿ ಅದುರದಂತೆ ಎರಡು ಗಂಟೆಗೂ ಹೆಚ್ಚು ಕಾಲ ಯಂತ್ರಕ್ಕೆ ಬೆರಳೊತ್ತಿ ನಿಲ್ಲಬೇಕಾಯಿತೆಂದು ಒಬ್ಬರು ಗೊಣಗಿದ್ದರಂತೆ. ಸಂಶೋಧಕ ಫರ್ನಾಂಡೊ ಪೆನ್ಯ ಇದನ್ನು ಕೇಳಿ ಕಿವಿ ನಿಮಿರಿಸಿದರು. ಮೊಟಕಾದ ಪ್ರತಿಗೆ ಅಷ್ಟು ಹೊತ್ತೇಕೆ? 2008ರಲ್ಲಿ ಬ್ಯೂನಸ್ ಐರಿಸ್ ನಗರದ ಚಲನಚಿತ್ರ ಸಂಗ್ರಹಾಲಯದಲ್ಲಿ, ಅದರ ನಿರ್ದೇಶಕಿ ಪೌಲಾ ಫೆಲಿಕ್ಸ್-ದಿದಿಯೆ ಮತ್ತು ಅವರು ಆ ಸುರುಳಿಗಳನ್ನು ಬಿಚ್ಚಿ ನೋಡಿದಾಗ, ಯಾರೂ ಕಾಣದಿದ್ದ ದೃಶ್ಯಗಳು ಅಲ್ಲಿದ್ದವು.

ಹಿಂದೆ ಬೆಂಕಿಯ ಭಯದಿಂದ ಹಳೆಯ ಪ್ರತಿಯನ್ನು 16 ಮಿಲಿಮೀಟರಿನ ಕಿರಿದಾದ ಸುರುಳಿಗೆ ಇಳಿಸಿದ್ದರು. ಆಗ ಧೂಳೂ ಎಣ್ಣೆಯೂ ಗೀರುಗಳೂ ಚಿತ್ರದೊಂದಿಗೆ ಅಚ್ಚಾದವು. ಚೌಕಟ್ಟಿನ ಅಂಚೂ ಕತ್ತರಿಸಿಹೋಯಿತು. ಇವನ್ನು ಸಾಧ್ಯವಾದಷ್ಟು ತೊಳೆದು ಸೇರಿಸಿದ ಬಳಿಕ, 2010ರ ಫೆಬ್ರವರಿ 12ರಂದು ಸುಮಾರು 25 ನಿಮಿಷಗಳಷ್ಟು ಹೆಚ್ಚಿನ ದೃಶ್ಯಗಳೊಂದಿಗೆ ಚಿತ್ರವು ಬರ್ಲಿನ್ನಿನಲ್ಲಿ ಮತ್ತೆ ತೆರೆಕಂಡಿತು. ಆಗಲೂ ಎರಡು ದೃಶ್ಯಗಳು ದೊರೆತಿರಲಿಲ್ಲ. ಅಲ್ಲಿ ತೆರೆಯ ಮೇಲೆ ಅಕ್ಷರಗಳಷ್ಟೇ ಮೂಡುತ್ತವೆ. ಮರಳಿ ದೊರೆತ ಭಾಗಗಳನ್ನು ಗುರುತಿಸುವುದು ಸುಲಭ. ತಿಳಿಯಾಗಿದ್ದ ಚಿತ್ರ ಒಮ್ಮೆಲೇ ಕುಗ್ಗಿ, ಮಳೆ ಸುರಿದಂತೆ ಗೀರುಗಳು ಇಳಿಯತೊಡಗುತ್ತವೆ. ಅದೇ ಮಳೆಯ ನಡುವೆ ರೋಟ್‌ವಾಂಗನ ಮನೆಯ ತೆರೆ ಸರಿಯುತ್ತದೆ. ಫ್ರೆಡರ್ಸನ್ ತಲೆಯೆತ್ತಿ ಹೆಲ್‌ಳ ಮುಖವನ್ನು ನೋಡುತ್ತಾನೆ.