ಔಷಧದ ಪರೀಕ್ಷೆ: ಜನಪದ ನೆನಪು ಮತ್ತು ಚಿಕಿತ್ಸಾ ಪ್ರಯೋಗ

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯು ಕಲ್ಲೇಶ್ವರ ದೇವಾಲಯಕ್ಕೂ ಅಲ್ಲಿನ ಶಾಸನಗಳಿಗೂ ಹೆಸರಾದ ಊರು. ಇಂತಹ ಊರುಗಳಲ್ಲಿ ದಾನದತ್ತಿಗಳು ಕಲ್ಲಿನಲ್ಲಿ ದಾಖಲಾದರೆ, ನಾಟಿ ಔಷಧದ ಕೀರ್ತಿ ಗುಣ ಕಂಡವರ ಬಾಯಿಂದಲೇ ಹರಡುತ್ತದೆ. ಗುಣ ಕಾಣದವರ ಮಾತು ನೆನಪಿನಲ್ಲಿ ಉಳಿಯುವುದು ವಿರಳ. ಈ ಕೊರತೆಯನ್ನು ಆಧುನಿಕ ಚಿಕಿತ್ಸಾ ಪ್ರಯೋಗವು ಹೇಗೆ ನಿವಾರಿಸುತ್ತದೆಂಬುದನ್ನು, ಭಾರತವೂ ಪಾಲ್ಗೊಂಡ ‘ಟೆಸ್ಟಿಂಗ್’ ಎಂಬ ಅಂತರರಾಷ್ಟ್ರೀಯ ಅಧ್ಯಯನದ ಮೂಲಕ ಇಲ್ಲಿ ಪರಿಶೀಲಿಸಲಾಗಿದೆ.

ಐಜಿಎ ನೆಫ್ರೋಪತಿ ಎಂಬ ರೋಗದಲ್ಲಿ, ದೇಹರಕ್ಷಣೆಗೆಂದಿರುವ ಐಜಿಎ ಪ್ರತಿಕಾಯಗಳು ಮೂತ್ರಪಿಂಡದ ಸೋಸುವ ಭಾಗದಲ್ಲಿ ಶೇಖರಗೊಂಡು ಉರಿಯೂತವನ್ನುಂಟುಮಾಡುತ್ತವೆ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮೀಥೈಲ್‌ಪ್ರೆಡ್ನಿಸೊಲೋನ್ ಇದಕ್ಕೆ ಉಪಯುಕ್ತವೇ ಎಂದರಿಯಲು, ಕೆಲವರಿಗೆ ಔಷಧವನ್ನೂ ಉಳಿದವರಿಗೆ ಹುಸಿಗುಳಿಗೆಯನ್ನೂ ಯಾದೃಚ್ಛಿಕವಾಗಿ ನೀಡಲಾಯಿತು. ಯಾರಿಗೆ ಯಾವುದೆಂಬುದು ರೋಗಿಗೂ ವೈದ್ಯರಿಗೂ ತಿಳಿದಿರಲಿಲ್ಲ.

262 ಜನ ಸೇರಿದ ಬಳಿಕ, 2015ರಲ್ಲಿ ಸೇರ್ಪಡೆಯನ್ನು ನಿಲ್ಲಿಸಲಾಯಿತು. ಗಂಭೀರ ದುಷ್ಪರಿಣಾಮಗಳು ಔಷಧ ಪಡೆದವರಲ್ಲಿ ಶೇ. 14.7, ಹುಸಿಗುಳಿಗೆ ಪಡೆದವರಲ್ಲಿ ಶೇ. 3.2ರಷ್ಟು ಕಂಡುಬಂದಿದ್ದವು. ಔಷಧ ಪಡೆದ ಇಬ್ಬರು ಸೋಂಕಿನಿಂದ ಮೃತಪಟ್ಟಿದ್ದರು. ಅನಂತರ ಔಷಧದ ಪ್ರಮಾಣವನ್ನು ತಗ್ಗಿಸಿ, ಸೋಂಕುನಿರೋಧಕವನ್ನೂ ಸೇರಿಸಿ ಪ್ರಯೋಗವನ್ನು ಮುಂದುವರಿಸಲಾಯಿತು. 2022ರಲ್ಲಿ ಪ್ರಕಟವಾದ, ಒಟ್ಟು 503 ಜನರ ಫಲಿತಾಂಶದಂತೆ, ಮೂತ್ರಪಿಂಡದ ಕಾರ್ಯ ಶೇ. 40ರಷ್ಟು ಕುಸಿಯುವುದು, ಅದು ವಿಫಲವಾಗುವುದು ಅಥವಾ ಅದರ ರೋಗದಿಂದ ಸಾವು ಸಂಭವಿಸುವುದು ಔಷಧ ಪಡೆದವರಲ್ಲಿ ಶೇ. 28.8, ಉಳಿದವರಲ್ಲಿ ಶೇ. 43.1ರಷ್ಟಿತ್ತು. ಪ್ರಮಾಣ ತಗ್ಗಿಸಿದ ಮೇಲೆ ದುಷ್ಪರಿಣಾಮಗಳೂ ಕಡಿಮೆಯಾದವು.

ಹಾನಿಯನ್ನೂ ಎಣಿಸಿದ್ದರಿಂದಲೇ ಸೂಕ್ತ ಪ್ರಮಾಣದ ಅರಿವು ಸಾಧ್ಯವಾಯಿತೆಂಬುದು ಗಮನಾರ್ಹ. ಜನಪದ ವೈದ್ಯವನ್ನು ಸಂಗ್ರಹಿಸುವ ಕ್ಷೇತ್ರಕಾರ್ಯಕರ್ತರೂ ಗುಣ ಕಾಣದವರ ಮನೆಗಳಿಗೆ ಹೋಗಿ ಅವರ ಮಾತನ್ನು ದಾಖಲಿಸುವುದು ಅಗತ್ಯ.